ಅತ್ತೆ ಸಮುದ್ರ ನೋಡಿ ಬಂದ ಮೇಲೆ

ನಮ್ಮ ಕೆರೆಗೆ ನೀರು ಬಂದ ವರ್ಷ ಊರಿನವರಿಗೆಲ್ಲ ಇದ್ದಕ್ಕಿದ್ದಂತೆ ಮೀನಿನ ಮೇಲೆ ಪ್ರೀತಿ ಹುಟ್ಟಿತು. ಅದಕ್ಕೆ ಮುಂಚೆ ಎಷ್ಟೋ ವರ್ಷ ಕೆರೆಯ ಅಂಗಳ ಅಂದರೆ ಕ್ರಿಕೆಟ್ ಮೈದಾನ. ಬ್ಯಾಟು ಹಿಡಿದವನು ಜೋರಾಗಿ ಹೊಡೆದರೆ ಚೆಂಡು ತೂಬಿನೊಳಗೆ ಬೀಳುತ್ತಿತ್ತು, ತೂಬಿಗೆ ಬೇರೆ ಕೆಲಸವೂ ಇರಲಿಲ್ಲ. ಆಮೇಲೆ ಎರಡು ಮಳೆಗಾಲ ಒಂದರ ಹಿಂದೆ ಒಂದು ಚೆನ್ನಾಗಿ ಸುರಿದು ಕೆರೆ ಕೋಡಿ ಹೋಯಿತು. ಬೂದಿಕೋಟೆಗೂ ಬಂಗಾರಪೇಟೆಗೂ ನಡುವೆ ಬಸ್ಸು ಅರೆಕ್ಷಣ ನಿಂತು ಹೊರಡುವ ನಮ್ಮ ಊರಿಗೆ ನೆಂಟರು ಬರುವುದು ಜಾಸ್ತಿಯಾಯಿತು. ಬಂದವರು ಮೊದಲು ಕೆರೆ ಕಟ್ಟೆಗೆ ಹೋಗಿ, ಆಮೇಲೆ ಮನೆಗೆ ಬಂದು ಕಾಫಿ ಕುಡಿಯುತ್ತಿದ್ದರು.

ನಾನು ಬೇತಮಂಗಲದ ಹೆಣ್ಣು. ದೊಡ್ಡ ಕೆರೆಯ ದಡದಲ್ಲೇ ಬೆಳೆದವಳು. ಆದರೆ ಆ ನೀರು ಕೆ.ಜಿ.ಎಫ್.ನ ನಲ್ಲಿಗಳಿಗೆ ಸೇರಿದ್ದು ಅನ್ನುವ ಭಾವನೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, ಅದನ್ನು ನಮ್ಮ ಕೆರೆ ಅಂದುಕೊಂಡು ನೋಡಿದ ನೆನಪೇ ನನಗಿಲ್ಲ. ಮದುವೆಯಾಗಿ ಬಂದ ಊರಿನಲ್ಲಿ ಕೆರೆ ನಮ್ಮದು, ಆದರೆ ನೀರಿರಲಿಲ್ಲ. ಈಗ ನೀರೂ ಬಂತು. ಜೊತೆಗೆ ಜಗಳವೂ ಬಂತು.

ಜಗಳ ಮೀನಿನದು. ಕೆರೆ ತುಂಬಿದ ಮೊದಲ ಮಳೆಗಾಲದಲ್ಲಿ ಕೆಲವರು ಸೊಳ್ಳೆಪರದೆ ತಂದು ಎರಡು ಕಡೆ ಇಬ್ಬರು ಹಿಡಿದು ಕೋಡಿ ಮೂಲೆಯಲ್ಲಿ ಎಳೆದರು. ಒಂದು ಪರದೆಯಂತೂ ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದು, ಸೊಳ್ಳೆಯನ್ನೇ ನೋಡದೆ ನೇರವಾಗಿ ಕೆರೆಗೆ ಇಳಿದಿತ್ತು. ಪರದೆಯಲ್ಲಿ ಸಿಕ್ಕಿದ್ದು ಮೀನಲ್ಲ, ಮೀನಿನ ಮರಿ. ಬೆರಳಿನ ಉಗುರಿನಷ್ಟು. ಬೋಗುಣಿ ತುಂಬ ತಂದು ಹುರಿದರು, ಒಂದು ಮನೆಯವರಿಗೆ ಒಂದು ಹೊತ್ತಿಗೂ ಸಾಲಲಿಲ್ಲ. ಆ ಮರಿಗಳು ಬೆಳೆದು ಆಗಬೇಕಿದ್ದ, ಊರಿಗೆಲ್ಲ ಇಷ್ಟವಾದ ಕೊರಮೀನು ಮರುವರ್ಷ ಕಾಣಲೇ ಇಲ್ಲ. "ನೀವು ಇಡ್ದ್ರಿ", "ಇಲ್ಲ, ನೀವು ಇಡ್ದಿದ್ದು" ಎಂದು, ಮರಿ ಹಿಡಿದವರು ಯಾರೆಂಬ ಮಾತಿಗೆ ಕಟ್ಟೆಯ ಮೇಲೆ ಎರಡು ಗುಂಪಾಯಿತು.

ಆಗ ಕೆರೆ ಸಂಘ ಆಯಿತು. ಅಧ್ಯಕ್ಷರು ನಮ್ಮ ಮಾವನವರ ದಾಯಾದಿ ಅಣ್ಣ, ಊರಿಗೆಲ್ಲ ದೊಡ್ಡಪ್ಪ. ಬಿಳಿ ಪಂಚೆ, ಬಿಳಿ ಮೀಸೆ, ಯಾವ ಮಾತಿಗೂ ಮೊದಲು ಒಂದು ಕೆಮ್ಮು. ಅವರ ಜೊತೆಗೆ ತೂಬು ತೆರೆದು ಮುಚ್ಚುವ ನೀರಗಂಟಿ. ಸಂಘದಲ್ಲಿ ಹೆಂಗಸರೂ ಇರಬೇಕು ಎಂದದ್ದಕ್ಕೆ ನಾನು, ಏಕೆಂದರೆ ಡೈರಿಯಲ್ಲಿ ಹಾಲು ಅಳೆಯುವವಳು ನಾನೇ, ದಿನಕ್ಕೆರಡು ಸಲ ಊರೆಲ್ಲ ನನ್ನ ಮುಂದೆ ಸಾಲಾಗಿ ನಿಲ್ಲುತ್ತದೆ. ಇನ್ನೊಬ್ಬರು ಎದುರುಮನೆಯ ಅಕ್ಕ.

ಕೆರೆಗಳ ಕೆಲಸ ಮಾಡುವ ಒಂದು ಸಂಸ್ಥೆಯ ಮೇಡಂ ನಮ್ಮ ಜಗಳವನ್ನು ಮೂರು ಮೀಟಿಂಗ್ ಕೇಳಿ ಸುಸ್ತಾಗಿ, "ಕರಾವಳಿಯಲ್ಲಿ ಒಂದು ಊರಿದೆ. ಅಲ್ಲಿ ಹೊಳೆ ಸಮುದ್ರ ಸೇರುವ ಜಾಗವನ್ನು ಊರಿನವರೇ ನೋಡಿಕೊಳ್ಳುತ್ತಾರೆ. ಏನು ಹಿಡಿಯಬೇಕು, ಯಾವಾಗ ಹಿಡಿಯಬಾರದು, ಎಲ್ಲಾ ಅವರದೇ ತೀರ್ಮಾನ. ಹೋಗಿ ನೋಡಿಕೊಂಡು ಬನ್ನಿ" ಅಂದರು. ಹೊರಡುವ ಹಿಂದಿನ ದಿನ ಎದುರುಮನೆ ಅಕ್ಕನ ಮಗಳಿಗೆ ಹೆರಿಗೆ ನೋವು ಶುರುವಾಯಿತು. ಖಾಲಿಯಾದ ಸೀಟಿಗೆ ನಮ್ಮತ್ತೆ ನಿಂತರು.

"ನಾನೂ ಬತ್ತೀನಿ. ಸಾಯೋ ಮುಂಚೆ ಒಂದ್ಸಲ ಸಮುದ್ರ ನೋಡ್ಬೇಕು."

ಸಾಯೋ ಮುಂಚೆ ಅನ್ನುವ ಮಾತಿನಿಂದ ನಮ್ಮತ್ತೆ ಅಷ್ಟರೊಳಗೆ ತಿರುಪತಿ, ಧರ್ಮಸ್ಥಳ ಮತ್ತು ಕೆ.ಜಿ.ಎಫ್.ನಲ್ಲಿ ಹೊಸದಾಗಿ ತೆರೆದ ಬಟ್ಟೆ ಅಂಗಡಿ ನೋಡಿ ಮುಗಿಸಿದ್ದರು. ಯಾರೂ ಬೇಡ ಅನ್ನಲಿಲ್ಲ. ಅಂದಿದ್ದರೂ ಪ್ರಯೋಜನವಿರಲಿಲ್ಲ, ಅಷ್ಟರಲ್ಲಿ ಅವರು ಒಂದು ಚೀಲ ರಾಗಿ ಹಿಟ್ಟು ಕಟ್ಟಿಟ್ಟಿದ್ದರು. ಕರಾವಳಿಯಲ್ಲಿ ಬರೀ ಅನ್ನವಂತೆ, ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲವಂತೆ.

ಬಂಗಾರಪೇಟೆಯಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ಬಸ್ಸು ಹತ್ತಿ, ಬೆಳಿಗ್ಗೆ ಇಳಿದಾಗ ಗಾಳಿಯಲ್ಲೇ ಉಪ್ಪು. ತೆಂಗಿನ ತೋಟ ದಾಟಿ ಮರಳಿನ ಮೇಲೆ ನಡೆದು ಸಮುದ್ರದ ಎದುರು ನಿಂತೆವು. ಮೊದಲು ಬಾಯಿ ಬಿಟ್ಟವರು ನಮ್ಮತ್ತೆ.

"ಅಲ್ಲ ಕಣಮ್ಮಿ, ಆ ಕಡೆ ಕಟ್ಟೇನೇ ಇಲ್ವಲ್ಲ!"

"ಸಮುದ್ರಕ್ಕೆ ಕಟ್ಟೆ ಇರಲ್ಲ ಅತ್ತೆ."

"ಕಟ್ಟೆ ಇಲ್ದೆ ನೀರು ಎಂಗ್ ನಿಂತೈತೆ ಮತ್ತೆ?"

ದೊಡ್ಡಪ್ಪ ಕೆಮ್ಮಿದರು, ಆದರೆ ಕೆಮ್ಮಿನ ಹಿಂದೆ ಮಾತು ಬರಲಿಲ್ಲ. ನೀರಗಂಟಿ ಅಲೆಯ ಹತ್ತಿರ ಹೋಗಿ, ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು, ಉಗಿದು ಬಂದ. ಅವನ ಮುಖದಲ್ಲಿ ಯಾರೋ ಮೋಸ ಮಾಡಿದವರ ಮೇಲಿನ ಸಿಟ್ಟಿತ್ತು. "ಇಷ್ಟೊಂದು ನೀರಿಟ್ಕೊಂಡು ಒಂದು ಗುಂಟೆ ಗದ್ದೆಗೂ ಆಗಲ್ವಲ್ಲ ಸಾಮಿ! ಎಲ್ಲಾ ದಂಡ."

ನಮಗಾಗಿ ಕಾಯುತ್ತಿದ್ದವರು ಹೊಳೆಯ ಬಾಯಿಯಲ್ಲಿ ಚಿಪ್ಪು ಹೆಕ್ಕುವ ಹೆಂಗಸರು. ಚಿಪ್ಪು ಅಂದರೆ ಒಳಗೆ ಮಾಂಸ ಇರುವ ಚಿಪ್ಪು. ನೀರು ಇಳಿದಾಗ ಕೆಸರಿನಲ್ಲಿ ಕೈಯಾಡಿಸಿ ತೆಗೆಯುತ್ತಾರೆ, ಸಾರು ಮಾಡುತ್ತಾರೆ, ಪೇಟೆಗೂ ಒಯ್ಯುತ್ತಾರೆ. ಅವರ ಮುಂದಾಳು ನಮ್ಮತ್ತೆಯ ವಯಸ್ಸಿನವರೇ, ಎತ್ತರದ ಗಟ್ಟಿ ಹೆಂಗಸು.

"ಹ್ವಾಯ್, ಬನಿ ಬನಿ. ಕೂಕಣಿ."

ಕೂತುಕೊಳ್ಳಿ ಅಂದದ್ದು. ಅತ್ತೆಗೆ ಅದು 'ಕೂಗಿ' ಎಂದು ಕೇಳಿಸಿತು. "ಯಾರ್ನ ಕೂಗ್ಬೇಕಮ್ಮ?" ಎಂದು ಗಾಬರಿಯಿಂದ ಸುತ್ತ ನೋಡಿದರು. ಇಬ್ಬರಾಡುವುದೂ ಕನ್ನಡವೇ ಎಂದು ಪರಸ್ಪರ ನಂಬಿಸುವುದರಲ್ಲೇ ಬೆಳಗಿನ ತಿಂಡಿ ಮುಗಿಯಿತು. ಅತ್ತೆಗಂತೂ ಕೊನೆಯವರೆಗೂ ನಂಬಿಕೆ ಬರಲಿಲ್ಲ. ಇದಕ್ಕಿಂತ ತೆಲುಗು ವಾಸಿ ಎಂದು ನಡುನಡುವೆ ತೆಲುಗಿನಲ್ಲಿ ಮಾತಾಡಿ ನೋಡಿದರು.

ನೀರು ಇಳಿದ ಮೇಲೆ ಆ ಹೆಂಗಸು ನಮ್ಮನ್ನು ಕೆಸರಿಗೆ ಇಳಿಸಿದರು. ಅವರ ಬುಟ್ಟಿಯ ಕಿವಿಗೆ ದಾರದಲ್ಲಿ ಒಂದು ಸಣ್ಣ ಬಳೆ ಕಟ್ಟಿತ್ತು. ತೊಟ್ಟಿಲ ಮಗುವಿಗೆ ತೊಡಿಸುವಂಥದ್ದು, ಮಗಳ ಕೂಸಿನದಂತೆ. ಒಂದೊಂದು ಚಿಪ್ಪು ತೆಗೆದಾಗಲೂ ಅದನ್ನು ಬಳೆಯೊಳಗೆ ತೂರಿಸಿ ನೋಡುತ್ತಿದ್ದರು.

"ಇಲ್ಕಾಣಿ. ಬಳಿ ಒಳ್ಗೆ ಹೋಯ್ತಾ, ಅದ್ ಮರಿ. ವಾಪಸ್ ಹೊಳಿಗೆ." ಚಿಪ್ಪು ಪುಳಕ್ಕನೆ ನೀರಿಗೆ ಬಿತ್ತು.

ಅಲ್ಲಿಂದಾಚೆ ಬಿದಿರಿನ ಗಳು ನೆಟ್ಟಿದ್ದರು. ಆ ಗಳುಗಳ ಆಚೆ ಈ ವರ್ಷ ಯಾರೂ ಇಳಿಯುವ ಹಾಗಿಲ್ಲ. ಅಲ್ಲಿ ಮರಿಗಳು ಬೆಳೆಯಬೇಕು. ಮುಂದಿನ ವರ್ಷ ಅದು ತೆರೆಯುತ್ತದೆ, ಇದು ಮುಚ್ಚುತ್ತದೆ. ದೊಡ್ಡಪ್ಪ ತಲೆದೂಗಿದರು. ನಮ್ಮತ್ತೆ ತಲೆದೂಗಲಿಲ್ಲ. ಸೀರೆ ಮೊಣಕಾಲವರೆಗೆ ಎತ್ತಿ ಕಟ್ಟಿಕೊಂಡು ಕೆಸರಿನಲ್ಲಿ ನಿಂತವರು ನೇರವಾಗಿ ಕೇಳಿದರು.

"ಯಾರಾನ ಕದ್ದು ತಗೊಂಡೋದ್ರೆ ಏನ್ ಮಾಡ್ತೀರ?"

ಆ ಹೆಂಗಸಿಗೆ ಈ ಕನ್ನಡ ಮಾತ್ರ ಒಂದೇ ಸಲಕ್ಕೆ ಅರ್ಥವಾಯಿತು. ಸೊಂಟದ ಮೇಲೆ ಕೈಯಿಟ್ಟು ನಕ್ಕರು. "ತಕಂಡ್ ಹೋಯ್ಲಿ ಕಾಂಬ! ತಿಂದ್ ಮೇಲೆ ಸಿಪ್ಪಿ ಎಲ್ಲಿ ಬಿಸಾಡ್ತ್ರ್? ಅವ್ರ ಮನಿ ಹಿತ್ಲಂಗೇ ಅಲ್ದಾ? ಅದನ್ನ್ ಕಂಡ್ ಇಡೀ ಊರೇ ನಗಾಡತ್ತ್."

ಕದ್ದವರ ಹಿತ್ತಲಲ್ಲೇ ಚಿಪ್ಪು ಬಿದ್ದಿರುತ್ತದೆ, ಅದನ್ನು ನೋಡಿ ಊರೇ ನಗುತ್ತದೆ ಎಂದು ನಾನು ಅರ್ಥ ಹೇಳಿದೆ. ಅತ್ತೆ ತುಂಬಾ ಹೊತ್ತು ಯೋಚಿಸಿ, "ಮೀನಿಗೆ ಸಿಪ್ಪೆ ಇಲ್ಲ. ಮುಳ್ಳು ಐತೆ" ಅಂದರು. ಅವರ ಮನಸ್ಸು ಆಗಲೇ ನಮ್ಮ ಕೆರೆಗೆ ಹೋಗಿ ಸೇರಿತ್ತು.

ಆ ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ನಮ್ಮತ್ತೆ ಮುದ್ದೆ ತೊಳಸಿದರು. ಚಿಪ್ಪಿನ ಸಾರಿಗೆ ಮುದ್ದೆ. ಕರಾವಳಿಯ ಹೆಂಗಸರು ಮುದ್ದೆಯನ್ನು ಜಗಿದು ಜಗಿದು ದವಡೆ ನೋಯಿಸಿಕೊಂಡರು. "ಅಗೀಬ್ಯಾಡ್ರೇ, ನುಂಗ್ರಿ!" ಎಂದು ಅತ್ತೆ ಒಬ್ಬೊಬ್ಬರ ಬೆನ್ನ ಹಿಂದೆ ನಿಂತು ಹೇಳಿದರು. ಒಬ್ಬಾಕೆ ನುಂಗಿ, ಕಣ್ಣಲ್ಲಿ ನೀರು ತಂದುಕೊಂಡು, ಎದೆ ಸವರಿಕೊಳ್ಳುತ್ತಾ "ಲಾಯ್ಕಿತ್ತ್" ಅಂದಳು. ಚೆನ್ನಾಗಿದೆ ಎಂದೇ ಅರ್ಥ, ಆದರೆ ಮುಖ ಬೇರೆ ಹೇಳುತ್ತಿತ್ತು.

ಊರಿಗೆ ಬಂದ ಮೇಲೆ ಕಟ್ಟೆಯ ಮೇಲೆ ಸಭೆ. ದೊಡ್ಡಪ್ಪ ಕೆಮ್ಮಿ ಎದ್ದು ನಿಂತು, ಸಂಸ್ಥೆಯ ಮೇಡಂ ಹೇಳಿಕೊಟ್ಟ ಮಾತುಗಳನ್ನು ನೆನಪು ಮಾಡಿಕೊಂಡು, ಸಮುದಾಯ ಆಧಾರಿತ ನೈಸರ್ಗಿಕ ಸಂಪನ್ಮೂಲ ನಿರ್ವಹಣೆ ಎಂದು ಒಂದೇ ಉಸಿರಿನಲ್ಲಿ ಅಂದರು. ಜನ ಚಪ್ಪಾಳೆ ತಟ್ಟಿದರು. ಅದು ಅಷ್ಟು ಉದ್ದದ ಮಾತನ್ನು ತಪ್ಪಿಲ್ಲದೆ ಹೇಳಿದ್ದಕ್ಕೆ. ಆಮೇಲೆ ಯಾರೋ ಹಿಂದಿನಿಂದ, "ಅಂಗಂದ್ರೆ ಮೀನು ಇಡಿಯೋದಾ, ಬಿಡೋದಾ?" ಎಂದು ಕೇಳಿದರು. ದೊಡ್ಡಪ್ಪ ಮೇಡಂ ಕಡೆ ನೋಡಿದರು. ಮೇಡಂ ಬಾಯಿ ತೆರೆಯುವುದರೊಳಗೆ ಹೆಂಗಸರ ಕಡೆಯಿಂದ ನಮ್ಮತ್ತೆ ಎದ್ದರು.

"ಕೆರೆ ನಮ್ದು. ಮೀನು ನಮ್ದು. ಮರಿ ಮಾತ್ರ ಕೊರಮೀನ್ದು. ಅದುನ್ನ ಮುಟ್ಟಂಗಿಲ್ಲ. ಅಷ್ಟೇಯ."

ಅಷ್ಟೇಯ ಅನ್ನುವುದು ಅಷ್ಟು ಸುಲಭವಾಗಿರಲಿಲ್ಲ. ಸಂಜೆ ಹಾಲು ಹಾಕುವ ಹೊತ್ತು ಮೀರಿ ಮಾತು ನಡೆಯಿತು. ಮೀನೇ ತಿನ್ನದ ಮನೆಯವರು ಕಾವಲು ಕಾಯಬೇಕೇ ಎಂದು ಒಬ್ಬರು. ನಮ್ಮ ಮನೆಯಲ್ಲಿ ಎಲ್ಲರೂ ಕೂಲಿಗೆ ಹೋಗುತ್ತೇವೆ, ಕಾಯಲು ಬಿಡುವೆಲ್ಲಿ ಎಂದು ಇನ್ನೊಬ್ಬರು. ಕೊನೆಗೆ ಒಪ್ಪಿಗೆಯಾದದ್ದು ಇಷ್ಟು. ಜೊಂಡು ಬೆಳೆದಿರುವ ಕೋಡಿ ಮೂಲೆಯಲ್ಲಿ ಮೊದಲ ಮಳೆಯಿಂದ ದಸರಾ ಕಳೆಯುವವರೆಗೆ ಯಾರೂ ಬಲೆ, ಗಾಳ ಏನೂ ಹಾಕುವಂತಿಲ್ಲ. ಸೊಳ್ಳೆಪರದೆ ಮಂಚಕ್ಕೆ ಮಾತ್ರ. ಕಾವಲು ಮನೆ ಸರದಿ. ಕೂಲಿಗೆ ಹೋಗುವ ಮನೆಯವರಿಗೆ ರಜೆಯ ದಿನದ ಸರದಿ. ಬೇಸಿಗೆಯಲ್ಲಿ ಎಲ್ಲರೂ ಸೇರಿ ಬಲೆ ಹಾಕಿ, ಮನೆಗೊಂದು ಪಾಲು. ತಿನ್ನದವರು ತಮ್ಮ ಪಾಲನ್ನು ಬೇಕಾದವರಿಗೆ ಕೊಡಬಹುದು. ಈ ಕೊನೆಯ ಮಾತಿನಿಂದ ಊರಿನಲ್ಲಿ ಮೀನು ತಿನ್ನದ ಮನೆಗಳಿಗೆ ಒಮ್ಮೆಲೇ ಗೆಳೆಯರು ಹೆಚ್ಚಾದರು.

ಗಂಡಸರ ಕಾವಲು ಹೇಗಿತ್ತೆಂದರೆ, ಹುಣಸೆ ಮರದ ನೆರಳಿನಲ್ಲಿ ಟವೆಲ್ಲು ಹಾಸಿ ಮಲಗುವುದು. ಹೆಂಗಸರ ಕಾವಲು ಬೇರೆ. ಬಿಡಿಸಬೇಕಾದ ಅಲಸಂದೆಕಾಯಿ, ಆರಿಸಬೇಕಾದ ಅಕ್ಕಿ, ಮಗಳ ಮನೆಯ ಸಂಗತಿ, ಎಲ್ಲಾ ತಂದು ಕಟ್ಟೆಯ ಮೇಲೆ ಹರಡಿಕೊಂಡು ಕೂರುತ್ತಿದ್ದರು. ಸರದಿ ಇಲ್ಲದವರೂ ಬರತೊಡಗಿದರು. ಅತ್ತೆಯಂತೂ ಯಾರ ಸರದಿಯಾದರೂ ಮಧ್ಯಾಹ್ನ ಊಟ ಮುಗಿಸಿ ಹೊರಟೇಬಿಡುತ್ತಿದ್ದರು. ಒಂದು ದಿನ ನಾನು ಜೊತೆಗಿದ್ದಾಗ, ಎಲೆಯಡಿಕೆ ಮಡಿಸುತ್ತಾ, ನನ್ನ ಕಡೆ ನೋಡದೆ ಹೇಳಿದರು: "ಮದ್ವೆ ಆಗಿ ಬಂದಾಗಿಂದ ಈ ಕಟ್ಟೆ ಮ್ಯಾಲೆ ಓಡಾಡಿದೀನಿ. ಬಟ್ಟೆ ಗಂಟು ಒತ್ಕೊಂಡು, ಹುಲ್ಲು ಒರೆ ಒತ್ಕೊಂಡು. ಗಂಡಸ್ರು ಕೂತಿರೋರು, ನಾವು ತಲೆ ಬಗ್ಗಿಸ್ಕೊಂಡು ಓಗೋದು. ಕೂತಿರ್ಲಿಲ್ಲ ಕಣಮ್ಮಿ. ಇಲ್ಲಿ ಗಾಳಿ ಇಷ್ಟು ಸೆಂದಾಗಿ ಬತ್ತದೆ ಅಂತ ಗೊತ್ತೇ ಇರ್ಲಿಲ್ಲ." ಇಬ್ಬರೂ ಎಲೆಯಡಿಕೆ ಹಾಕಿಕೊಂಡು ಗಾಳಿಗೆ ಮುಖ ಕೊಟ್ಟು ಕುಳಿತೆವು.

ಕೊರಮೀನಿನ ಮರಿಗಳನ್ನು ನಾನು ಮೊದಲು ಕಂಡದ್ದೂ ಅಲ್ಲೇ. ಜೊಂಡಿನ ಪಕ್ಕ ನೀರಿನ ಮೇಲೆ ಕೆಂಪು ಕುಂಕುಮ ಚೆಲ್ಲಿದಂತೆ ಕಾಣಿಸಿತು. ಚೆಲ್ಲಿದ್ದು ನಿಧಾನವಾಗಿ ಜಾಗ ಬದಲಿಸಿತು. ನೂರಾರು ಕೆಂಪು ಮರಿಗಳ ಒಂದು ಗುಂಪು. ಅದರ ಕೆಳಗೆ ತೋಳಿನಷ್ಟು ದಪ್ಪದ ಕಪ್ಪು ಮೀನೊಂದು, ಸ್ವಲ್ಪ ಆಚೆ ಇನ್ನೊಂದು, ತಾಯಿ ತಂದೆ. ಕಪ್ಪೆಯೊಂದು ಹತ್ತಿರ ಹೋಯಿತು. ನೀರು ಧಡ್ ಎಂದಿತು. ಕಪ್ಪೆ ದಡಕ್ಕೆ ಹಾರಿ ನಮ್ಮ ಅಲಸಂದೆಕಾಯಿ ಮೊರಕ್ಕೆ ಬಿತ್ತು. "ನೋಡು, ಅದೂ ಸರದಿ ಕಾಯ್ತಾ ಐತೆ. ಗಂಡ ಎಂಡ್ತಿ ಇಬ್ರೂ" ಅಂದರು ಅತ್ತೆ.

ಕೆ.ಜಿ.ಎಫ್.ನಿಂದ ಒಬ್ಬರು ಪ್ರತಿ ಭಾನುವಾರ ಸ್ಕೂಟರಿನಲ್ಲಿ ಗಾಳ ಕಟ್ಟಿಕೊಂಡು ಬರುತ್ತಿದ್ದರು. ತಂದೆ ಗಣಿಯಲ್ಲಿದ್ದವರಂತೆ, ಇವರು ವಾರವೆಲ್ಲ ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಬೆಂಗಳೂರಿಗೆ ಹೋಗಿ, ನಿಂತುಕೊಂಡೇ ವಾಪಸ್ ಬರುವವರು. ನಿಯಮ ಆದ ಮೇಲೆ ಬಂದ ಮೊದಲ ಭಾನುವಾರ ಅವರು ಎಂದಿನಂತೆ ಕೋಡಿ ಮೂಲೆಗೆ ಹೋಗಿ ಕುಳಿತರು. ಅತ್ತೆ ಎದುರಿಗೆ ಹೋಗಿ ನಿಂತರು.

"ಇಲ್ಲಿ ಮೀನು ಇಡಿಯಂಗಿಲ್ಲಪ್ಪ."

"ಪಾಟಿ, ನಾನು ಮೀನು ಪಿಡಿಕ್ಕ ಬರಲ್ಲ. ನಿಮ್ಮದಿಯಾ ಕೂತ್ಕೊಳ್ಳಕ್ಕೆ ಬರ್ತೀನಿ." ಅಜ್ಜಿ, ಮೀನು ಹಿಡಿಯಲು ಅಲ್ಲ, ನೆಮ್ಮದಿಯಾಗಿ ಕೂರಲು ಬರುತ್ತೇನೆ ಎಂದು ಅವರ ತಮಿಳುಗನ್ನಡ.

"ಅಂಗಾರೆ ಗಾಳ ಯಾಕೆ?"

"ಗಾಳ ಇಲ್ದೆ ಸುಮ್ನೆ ನೀರು ನೋಡ್ತಾ ಕೂತ್ರೆ ಹುಚ್ಚ ಅಂತಾರೆ ಪಾಟಿ."

ಅತ್ತೆಗೆ ಈ ಮಾತು ಬಹಳ ಇಷ್ಟವಾಯಿತು. ಅವರನ್ನು ತೂಬಿನ ಕಡೆ ಕೂರಿಸಿ, "ಇಲ್ಲಿ ಎಷ್ಟೊತ್ತಾದ್ರೂ ಕೂತ್ಕೊ. ಆ ಮೂಲೇಲಿ ಯಾರಾನ ಬಗ್ಗಿದ್ರೆ ಒಂದು ಕೂಗು ಆಕು" ಅಂದರು. ಅಂದಿನಿಂದ ಭಾನುವಾರದ ಕಾವಲು ಗಟ್ಟಿಯಾಯಿತು. ಬೆಳಗಿನಿಂದ ಸಂಜೆವರೆಗೆ ಕಣ್ಣು ಮಿಟುಕಿಸದೆ ನೀರು ನೋಡುವ ಇನ್ನೊಬ್ಬ ಮನುಷ್ಯ ನಮ್ಮ ಊರಿನಲ್ಲಿರಲಿಲ್ಲ.

ಇಷ್ಟೆಲ್ಲ ಸರಿಯಾಗಿ ನಡೆಯುತ್ತಿದ್ದಾಗ ನಿಯಮ ಮುರಿದವರು ಯಾರೆಂದರೆ, ನಮ್ಮ ಮನೆಯವರೇ.

ಬೇತಮಂಗಲದಿಂದ ನನ್ನ ಅಣ್ಣ ಬರುವವನಿದ್ದ. ಹಿಂದಿನ ಸಲ ಬಂದಾಗ ನನ್ನ ಗಂಡ ನಮ್ಮ ಕೆರೆಯ ಮೀನಿನ ಬಗ್ಗೆ ಅವನ ಮುಂದೆ ಬಹಳ ಜಂಬ ಕೊಚ್ಚಿದ್ದರು. ಈ ಸಲ ಬೆಳಿಗ್ಗೆ ತರಕಾರಿ ಹೇರಿಕೊಂಡು ಬಂಗಾರಪೇಟೆಗೆ ಹೋದವರು ಮಧ್ಯಾಹ್ನದ ಹೊತ್ತಿಗೆ ಒಂದು ಕವರಿನಲ್ಲಿ ಮೀನು ತಂದುಕೊಟ್ಟರು. ಕೊಯ್ದು ತೊಳೆದಿತ್ತು. "ಮಾರ್ಕೆಟ್ಟಲ್ಲೇ ಕ್ಲೀನ್ ಮಾಡ್ಸ್ಕೊಂಡು ಬಂದೆ" ಅಂದರು. ನಾನು ಹುಣಸೆಹಣ್ಣು ಹಾಕಿ ಸಾರು ಮಾಡಿದೆ.

ಎಲ್ಲರೂ ಸಾಲಾಗಿ ಕುಳಿತರು. ಅತ್ತೆ ಒಂದು ತುಂಡು ತಿಂದರು. ಇನ್ನೊಂದು ತಿಂದರು. ಮುಳ್ಳನ್ನು ತಟ್ಟೆಯ ಅಂಚಿನಲ್ಲಿ ನೀಟಾಗಿ ಜೋಡಿಸಿದರು. ಸಾರಿಗೆ ಮುದ್ದೆ ಅದ್ದಿ ನುಂಗಿ, ಬೆರಳು ನೆಕ್ಕಿಕೊಂಡು, ಶಾಂತವಾಗಿ ಕೇಳಿದರು.

"ಎಲ್ಲೀದ್ಲಾ ಇದು?"

"ಬಂಗಾರಪೇಟೆ ಮಾರ್ಕೆಟ್ದಮ್ಮ."

"ಮಾರ್ಕೆಟ್ಗೆ ಬರೋದು ಐಸ್ ಮೀನು. ಅದು ಬಾಯಿಗಿಟ್ರೆ ಹತ್ತಿ ಇದ್ದಂಗಿರ್ತದೆ. ಇದುರಲ್ಲಿ ನಮ್ಮ ಕೋಡಿ ಮೂಲೆ ಕೆಸ್ರು ವಾಸ್ನೆ ಐತೆ."

"ಎಲ್ಲಾ ಕೆಸ್ರೂ ಒಂದೇ ಅಲ್ವೇನಮ್ಮ..."

"ನಿನ್ನ ಎತ್ತಿ ಬೆಳ್ಸಿರೋದು ಈ ಕೆಸ್ರಲ್ಲೇ ಕಣ್ಲಾ. ನಂಗೆ ಗೊತ್ತಾಗಲ್ವಾ?"

ಗಂಡ ತಟ್ಟೆ ನೋಡುತ್ತಾ ಕುಳಿತರು. ಕಿವಿ ಕೆಂಪಗಾಯಿತು. ಬೆಳಿಗ್ಗೆ ಕಟ್ಟೆಯ ಮೇಲೆ ಯಾರೂ ಇಲ್ಲದಾಗ ಗಾಳ ಹಾಕಿದ್ದಂತೆ, ಒಂದೇ ಒಂದು ಬಿತ್ತಂತೆ. ನನ್ನ ಅಣ್ಣನ ಕೈ ಬಾಯಿಗೂ ತಟ್ಟೆಗೂ ನಡುವೆ ನಿಂತುಹೋಗಿತ್ತು. ಅತ್ತೆ ಅವನ ಕಡೆ ತಿರುಗಿ, "ನೀನು ಉಣ್ಣಪ್ಪ. ಬೆಂದಿರೋ ಮೀನು ಬಿಟ್ರೆ ಎದ್ದು ಕೆರೆಗೆ ಓಗಲ್ಲ" ಎಂದು ಅವನ ತಟ್ಟೆಗೆ ಒಂದು ತುಂಡು ಹಾಕಿ, ಉಳಿದದ್ದನ್ನು ತಮಗೆ ಬಡಿಸಿಕೊಂಡರು.

ಆ ವಾರದ ಸಭೆಯಲ್ಲಿ ಅತ್ತೆ ಎಲ್ಲರಿಗಿಂತ ಮೊದಲೇ ಹೋಗಿ ಮುಂದೆ ಕುಳಿತಿದ್ದರು. ದೊಡ್ಡಪ್ಪ ಕೆಮ್ಮುವುದರೊಳಗೆ ಎದ್ದರು. "ಕೋಡಿ ಮೂಲೆ ಕೊರಮೀನು ಒಂದು ಓಗೈತೆ. ಇಡ್ದೋನು ನನ್ನ ಮಗ. ತಿಂದೋಳು ನಾನು."

ದೊಡ್ಡಪ್ಪ ಮೆತ್ತಗೆ, "ಓಗ್ಲಿ ಬಿಡು, ಮನೆ ವಿಷ್ಯ ಮನೇಲಿ..." ಎಂದು ಶುರು ಮಾಡಿದರು.

"ಕೆರೆ ಯಾರ ಮನೇದು ಬಾವ?"

ದೊಡ್ಡಪ್ಪ ಮತ್ತೆ ಕೆಮ್ಮಿದರು. ಶಿಕ್ಷೆ ಏನೆಂದು ನಾವು ಮೊದಲೇ ಗೊತ್ತು ಮಾಡಿರಲಿಲ್ಲ. ಯಾರಾದರೂ ತಪ್ಪು ಮಾಡಿ ತಾವಾಗಿಯೇ ಒಪ್ಪಿಕೊಳ್ಳುತ್ತಾರೆ ಎಂದು ಯಾರಿಗೂ ತೋಚಿರಲಿಲ್ಲ. ಒಬ್ಬರು ಕ್ಷಮೆ ಸಾಕು ಅಂದರು. ಮತ್ತೊಬ್ಬರು ಊರಿಗೆಲ್ಲ ಮೀನು ಸಾರು ಹಾಕಿಸಬೇಕು ಅಂದರು, ಆ ಸಾರಿಗೆ ಮೀನು ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆ ಎದ್ದು ಅದು ಬಿದ್ದುಹೋಯಿತು. ನೀರಗಂಟಿ ತಲೆ ಕೆರೆದುಕೊಂಡು, ತೂಬಿನ ಬಾಯಿಯಲ್ಲಿ ಹೂಳು, ಜೊಂಡು ತುಂಬಿ ನೀರು ಸರಿಯಾಗಿ ಹರಿಯುತ್ತಿಲ್ಲ, ಅದನ್ನಾದರೂ ತೆಗೆಸಿ ಅಂದ. ಎಲ್ಲರಿಗೂ ಸರಿ ಅನ್ನಿಸಿತು. ಹಿಡಿದವನು ಹೂಳು ತೆಗೆಯಬೇಕು. ತಿಂದವರು ಆ ತಿಂಗಳು ಎಲ್ಲಾ ಸರದಿಗೂ ಕಾವಲು ಕೂರಬೇಕು. "ಬೇಯ್ಸಿದೋಳ್ಗೆ?" ಎಂದು ಯಾರೋ ತಮಾಷೆಗೆ ನನ್ನ ಹೆಸರು ಎತ್ತಿದರು. "ಆವಮ್ಮ ಈ ಅತ್ತೆ ಜೊತೇಲಿ ಬಾಳ್ತಾವ್ಳಲ್ಲ, ಅಷ್ಟೇ ಸಾಕು ಬಿಡ್ರಿ" ಎಂದು ಹೆಂಗಸರ ಕಡೆಯಿಂದಲೇ ತೀರ್ಪು ಬಂತು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮತ್ತೆ.

ನನ್ನ ಗಂಡ ಗುದ್ದಲಿ ಹಿಡಿದು ಇಳಿದರು. ಮೊದಲ ದಿನ ಮುಖ ಗಂಟಿಕ್ಕಿಕೊಂಡು. ಎರಡನೆಯ ದಿನ ಬೇತಮಂಗಲದಿಂದ ನನ್ನ ಅಣ್ಣ ಹಳೇ ಚಡ್ಡಿ ಹಾಕಿಕೊಂಡು ಬಂದ. "ನಾನೂ ತಿಂದಿದೀನಲ್ಲ" ಅಂದ. ಭಾನುವಾರ ಕೆ.ಜಿ.ಎಫ್.ನವರೂ ಗಾಳ ಪಕ್ಕಕ್ಕಿಟ್ಟು ಪ್ಯಾಂಟು ಮಡಚಿಕೊಂಡು ಇಳಿದರು. ಅವರೇನೂ ತಿಂದಿರಲಿಲ್ಲ. ಮೂವರೂ ಕೆಸರು ಎತ್ತಿ ಹಾಕುವುದನ್ನು ಕಟ್ಟೆಯ ಮೇಲಿನಿಂದ ಅತ್ತೆ ನೋಡುತ್ತಾ, "ಆ ಕಡೆ ಇನ್ನಾ ಐತೆ, ಆ ಕಡೆ" ಎಂದು ತಮ್ಮ ಶಿಕ್ಷೆಯನ್ನು ಸಂತೋಷವಾಗಿ ಅನುಭವಿಸಿದರು. ಅವರಿಗೆ ಬೇಕಾಗಿದ್ದದ್ದೂ ಅದೇ ಕಟ್ಟೆ, ಅದೇ ಗಾಳಿ. ಆ ತಿಂಗಳು ಮನೆಯ ಕಸ, ಮುಸುರೆ, ಕೊಟ್ಟಿಗೆ ಎಲ್ಲಾ ನನ್ನ ಪಾಲಿಗೇ ಬಂತು. ಯೋಚಿಸಿದರೆ ನಿಜವಾದ ಶಿಕ್ಷೆ ಆದದ್ದು ಬೇಯಿಸಿದವಳಿಗೇ.

ಆಮೇಲೆ ಆ ಮೂಲೆಗೆ ಯಾರೂ ಕೈ ಹಾಕಲಿಲ್ಲ. ಹೆತ್ತ ಮಗನನ್ನೇ ಬಿಡದವಳು ನಮ್ಮನ್ನು ಬಿಡುತ್ತಾಳೆಯೇ ಎಂದು ಜನ ಅಂದುಕೊಂಡಿರಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಊರೆಲ್ಲ ಸೇರಿ ಬಲೆ ಎಳೆದೆವು. ಕಾಟ್ಲಾ, ರೋಹು, ಜಿಲೇಬಿ ಎನ್ನುವ ಮೀನು, ನಡುವೆ ತೋಳುದ್ದದ ಕೊರಮೀನು. ಕಟ್ಟೆಯ ಮೇಲೆ ಮನೆಗೊಂದು ಗುಡ್ಡೆ ಹಾಕಿದರು. ದೊಡ್ಡ ಗುಡ್ಡೆ, ಚಿಕ್ಕ ಗುಡ್ಡೆ ಎಂದು ಮತ್ತೆ ಜಗಳವಾಯಿತು. ಈ ಸಲದ ಜಗಳದಲ್ಲಿ ಎಲ್ಲರ ಕೈಯಲ್ಲೂ ಮೀನಿತ್ತು.

ಆ ವರ್ಷ ಕರಾವಳಿಯ ಹೆಂಗಸರು ನಮ್ಮ ಕೆರೆ ನೋಡಲು ಬಂದರು. ಎತ್ತರದ ಆ ಮುಂದಾಳು ಕಟ್ಟೆಯ ಮೇಲೆ ನಿಂತು ಈ ದಡ ನೋಡಿ, ಆ ದಡ ನೋಡಿ, "ಇಷ್ಟೆಯಾ?" ಅಂದರು. ಅತ್ತೆ, "ಇಷ್ಟೇ. ಆದ್ರೆ ಕುಡಿದ್ರೆ ಉಗೀಬೇಕಾಗಿಲ್ಲ" ಅಂದರು. ನೀರಗಂಟಿ ಹೆಮ್ಮೆಯಿಂದ ತೂಬು ಎತ್ತಿ ತೋರಿಸಿದ. ಸಮುದ್ರವನ್ನು ಬೇಕಾದಾಗ ತೆರೆದು ಮುಚ್ಚುವಂತಿಲ್ಲ ಅನ್ನುವುದು ಆ ಹೆಂಗಸರಿಗೆ ಆಗಲೇ ಹೊಳೆದದ್ದು. ಎಲ್ಲರೂ ಒಬ್ಬೊಬ್ಬರಾಗಿ ತೂಬು ಎಳೆದು ನೋಡಿದರು.

ಆದರೆ ಅವರ ಮನಸ್ಸಿನಲ್ಲಿದ್ದದ್ದು ಬಂಗಾರ. ಕೆ.ಜಿ.ಎಫ್. ಹತ್ತಿರ ಬಂದು ಬಂಗಾರ ನೋಡದೆ ಹೋಗುವುದೇ? ಕೊನೆಯ ದಿನ ನಮ್ಮ ಭಾನುವಾರದ ಗೆಳೆಯರು ಸ್ಕೂಟರಿನಲ್ಲಿ ಮುಂದೆ, ನಾವು ಟೆಂಪೋದಲ್ಲಿ ಹಿಂದೆ. ಅವರು ತೋರಿಸಿದ್ದು ಬೂದು ಬಣ್ಣದ ದೊಡ್ಡ ದೊಡ್ಡ ಮಣ್ಣಿನ ಗುಡ್ಡ. "ಬಂಗಾರ ಎಲ್ಲಾ ತೆಗ್ದು ಮಿಕ್ಕಿದ್ದು ಇದು" ಅಂದರು. ಮುಂದಾಳು ಗುಡ್ಡವನ್ನು ಸ್ವಲ್ಪ ಹೊತ್ತು ನೋಡಿ, "ಇದ್ನ್ ಯಾರ್ ಕಾಯ್ತ್ರ್?" ಎಂದು ಕೇಳಿದರು. "ಗಾಳಿ ಜೋರಾಗಿ ಇದ್ರ ಧೂಳು ಎದ್ರೆ ನಾವೇ ಕಿಟಕಿ ಮುಚ್ಕೊಂಡು ಕಾಯ್ತೀವಿ ಅಕ್ಕಾ" ಎಂದರು ಗೆಳೆಯರು, ನಕ್ಕು. ಅವರ ಜೊತೆ ಎಲ್ಲರೂ ನಕ್ಕೆವು. ಆಮೇಲೆ ಸೆರಗಿನಲ್ಲಿ ಮುಖದ ಧೂಳು ಒರೆಸಿಕೊಂಡು ಟೆಂಪೋ ಹತ್ತಿದೆವು.

ಟೆಂಪೋ ನಿಂತದ್ದು ಬಂಗಾರಪೇಟೆಯ ಪಾನಿಪೂರಿ ಗಾಡಿಯ ಮುಂದೆ. ನಮ್ಮ ಪಾನಿಪೂರಿಯ ನೀರಿಗೆ ಬಣ್ಣವಿಲ್ಲ, ಬಾವಿಯಿಂದ ಸೇದಿದ ಹಾಗೆ ತಿಳಿಯಾಗಿರುತ್ತದೆ. ಬರೀ ನೀರು ಎಂದು ತಿಳಿದು ಮುಂದಾಳು ಧೈರ್ಯವಾಗಿ ಬಾಯಿಗಿಟ್ಟರು. ಖಾರ ನೆತ್ತಿಗೇರಿ ಎರಡೂ ಕಿವಿ ಹಿಡಿದುಕೊಂಡು ಕುಣಿದರು. ಕಣ್ಣೊರೆಸಿಕೊಂಡು ಇನ್ನೊಂದು ಪ್ಲೇಟು ಕೇಳಿದರು.

ಪ್ಲಾಟ್‌ಫಾರಂನಲ್ಲಿ ಅವರೂ ಅತ್ತೆಯೂ ಕೈ ಕೈ ಹಿಡಿದುಕೊಂಡು ರೈಲು ಬರುವವರೆಗೆ ಮಾತಾಡುತ್ತಲೇ ಇದ್ದರು. ಒಬ್ಬರ ಮಾತಿಗೆ ಇನ್ನೊಬ್ಬರು ತಪ್ಪದೆ ಹೂಂಗುಟ್ಟುತ್ತಿದ್ದರು. ರೈಲು ಹೊರಟ ಮೇಲೆ ಅತ್ತೆ ನನ್ನ ಕಡೆ ತಿರುಗಿದರು.

"ಕೊನೆಗೆ ಏನಂದ್ಲು ಆವಮ್ಮ?"

"ಮಳೆ ಕಳೆದ ಮೇಲೆ ಬನ್ನಿ ಅಂದ್ರು ಅತ್ತೆ."

"ನಾನೂ ಅದೇ ಅಂದೆ."

ಹಸುಗಳು ಕಾಯುತ್ತಿದ್ದವು, ಡೈರಿಗೆ ಹೊತ್ತಾಗಿತ್ತು. ಬೂದಿಕೋಟೆ ಬಸ್ಸು ಹೊರಡುವುದರಲ್ಲಿತ್ತು. ಅತ್ತೆ ಸೀರೆ ಎತ್ತಿ ಕಟ್ಟಿ ನನಗಿಂತ ಮುಂದೆ ಓಡಿ, ಕಂಡಕ್ಟರನ ಜೊತೆ ಆಗಲೇ ಸೀಟಿನ ವಿಷಯ ಮಾತಾಡುತ್ತಿದ್ದರು.